ಮನೆಮಂದಿಯನ್ನೆಲ್ಲ ಕರೆದುಕೊಂಡು ಲಂಡನ್‌ಗೆ ಹೋಗಲು ಯಾವ ತಿಂಗಳು ಒಳ್ಳೆಯದು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಿಂದ ವಯಸ್ಸಾದ ಅಪ್ಪ ಅಮ್ಮ, ಇಬ್ಬರು ಮಕ್ಕಳ ಜೊತೆ ಒಂದು ವಾರ ಲಂಡನ್ ನೋಡಬೇಕು. ಮಕ್ಕಳಿಗೆ ಸ್ನೋ ನೋಡುವ ಆಸೆ. ಡಿಸೆಂಬರ್ ಆಗಬಹುದಾ, ಇಲ್ಲ ಬೇಸಿಗೆ ರಜೆಯೇ ವಾಸಿನಾ?

ಮೇ ತಿಂಗಳಲ್ಲಿ ಬನ್ನಿ. ಅದರಲ್ಲೂ ಮೊದಲ ಸೋಮವಾರದ ಬ್ಯಾಂಕ್ ಹಾಲಿಡೇ (ಇಲ್ಲಿನ ಸಾರ್ವಜನಿಕ ರಜೆ) ಮುಗಿದ ಮೇಲೆ, ಕೊನೆಯ ವಾರ ಶುರುವಾಗುವ ಮುಂಚೆ. ನಾನು ಲಂಡನ್‌ನಲ್ಲೇ ಇರುವುದರಿಂದ ಊರಿನಿಂದ ಬರುವ ನೆಂಟರಿಗೆಲ್ಲ ಇದನ್ನೇ ಹೇಳುತ್ತೇನೆ. ಅರ್ಧ ಜನ ಹೂಂ ಅಂದು ಡಿಸೆಂಬರ್‌ಗೇ ಟಿಕೆಟ್ ಬುಕ್ ಮಾಡುತ್ತಾರೆ, ಅದು ಬೇರೆ ವಿಷಯ.

ಸ್ನೋ ಆಸೆಯನ್ನು ಮೊದಲು ಬಿಟ್ಟುಬಿಡಿ. ಲಂಡನ್‌ನಲ್ಲಿ ಡಿಸೆಂಬರ್‌ನಲ್ಲಿ ಹಿಮ ಬೀಳುವುದೇ ಅಪರೂಪ. ಬಿದ್ದರೂ ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲೆಲ್ಲ ಕಂದು ಬಣ್ಣದ ರಾಡಿ. ಮಕ್ಕಳಿಗೆ ಹಿಮದಲ್ಲಿ ಆಡಬೇಕು ಅಂತಿದ್ದರೆ ಅದಕ್ಕೆ ಮನಾಲಿ ಇದೆ, ಖರ್ಚೂ ಕಮ್ಮಿ.

ಎಲ್ಲರೂ ಕೇಳುವುದು ಚಳಿ ಎಷ್ಟಿರುತ್ತೆ ಅಂತ. ಚಳಿಗೆ ಒಂದರ ಮೇಲೊಂದು ಬಟ್ಟೆ ಹಾಕಿಕೊಂಡರಾಯಿತು. ಕತ್ತಲೆಗೆ ಏನು ಮಾಡುತ್ತೀರಿ? ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8 ಗಂಟೆ ದಾಟಿದ ಮೇಲೆ, ಸಂಜೆ 4ಕ್ಕೆ ಮುಂಚೆಯೇ ಮುಳುಗಿಬಿಡುತ್ತಾನೆ. ಮೋಡ ಇದ್ದರೆ ಮಧ್ಯಾಹ್ನ 3ಕ್ಕೇ ಮಬ್ಬು. ಮೇ ಮಧ್ಯದಲ್ಲಾದರೆ ಬೆಳಿಗ್ಗೆ 5ರ ಸುಮಾರಿಗೆ ಬೆಳಕು, ರಾತ್ರಿ ಹೆಚ್ಚುಕಮ್ಮಿ 9ರವರೆಗೂ ಬಿಸಿಲು.

ಇದರ ಜೊತೆ ಜೆಟ್ ಲ್ಯಾಗ್ ಲೆಕ್ಕ ಹಾಕಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಅಂದರೆ ಮೊದಲ ಮೂರ್ನಾಲ್ಕು ದಿನ ದೊಡ್ಡವರಿಗೆ ಬೆಳಗಿನ ಜಾವ 3, 4 ಗಂಟೆಗೇ ಎಚ್ಚರ. ಸಂಜೆ 7ಕ್ಕೆಲ್ಲ ತೂಕಡಿಕೆ. ನಮ್ಮ ಅತ್ತೆ ಒಂದು ಡಿಸೆಂಬರ್‌ನಲ್ಲಿ ಬಂದಿದ್ದರು. ಮೂರೂವರೆಗೆ ಎದ್ದು, ಸ್ವೆಟರ್ ಮೇಲೆ ಶಾಲು ಹೊದ್ದು, ಕಾಫಿ ಕುಡಿದು ಕೂರುವರು. ಹತ್ತು ನಿಮಿಷಕ್ಕೊಮ್ಮೆ ಪರದೆ ಸರಿಸಿ ನೋಡುವರು. "ಏನ್ ಊರಪ್ಪ ಇದು, ಇನ್ನೂ ಬೆಳಗೇ ಆಗಿಲ್ವಲ್ಲ!" ಎದ್ದಾಗಿನಿಂದ ಬೆಳಕಾಗುವವರೆಗೆ ನಾಲ್ಕು ಗಂಟೆ ಬಾಗಿಲು ಹಾಕಿಕೊಂಡ ಮನೆಯೊಳಗೆ. ಹೊರಗೆ ಹೊರಟು ಸ್ವಲ್ಪ ಸುತ್ತುವಷ್ಟರಲ್ಲಿ ಮತ್ತೆ ಕತ್ತಲೆ.

ಅದೇ ಅತ್ತೆ, ಮಾವ ಮುಂದೆ ಮೇ ತಿಂಗಳಲ್ಲಿ ಬಂದಾಗ ಕಥೆಯೇ ಬೇರೆ. ಅದೇ ಎಚ್ಚರ, ಆದರೆ ಹೊರಗೆ ಬೆಳಕು. ಸೇಂಟ್ ಜೇಮ್ಸ್ ಪಾರ್ಕ್ ಬೆಳಿಗ್ಗೆ 5ಕ್ಕೇ ತೆರೆಯುತ್ತದೆ. ಟೂರಿಸ್ಟ್ ಬಸ್‌ಗಳು ಬರುವ ಮುಂಚೆ ಕೆರೆ ಪಕ್ಕದ ಬೆಂಚಿನಲ್ಲಿ ಕೂತು ಪೆಲಿಕನ್ ನೋಡಿ, ಪಕ್ಕದ ಬಕಿಂಗ್‌ಹ್ಯಾಮ್ ಅರಮನೆ ಗೇಟಿನ ಮುಂದೆ ಜನರಿಲ್ಲದೆ ಫೋಟೋ ತೆಗೆಸಿಕೊಂಡು, ಮಕ್ಕಳು ಏಳುವಷ್ಟರಲ್ಲಿ ವಾಪಸ್ ಬಂದಿರುತ್ತಿದ್ದರು. ಹಾಗಾಗಿ ಹೋಟೆಲ್ ತೆಗೆದುಕೊಳ್ಳುವಾಗ ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರ ಇರುವುದನ್ನು ನೋಡಿ.

ಮಳೆ ಬಗ್ಗೆ ಸುಮ್ನೆ ಹೆದರಿಸುತ್ತಾರೆ. ಲಂಡನ್‌ನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೆಂಗಳೂರಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಇಲ್ಲಿಯದು ಜಿಟಿಜಿಟಿ ಮಳೆ, ಜೊತೆಗೆ ಗಾಳಿ. ಛತ್ರಿ ಮಗುಚಿಕೊಳ್ಳುತ್ತದೆ, ಟೋಪಿ ಇರುವ ಜಾಕೆಟ್ ತನ್ನಿ. ಮೇ ತಿಂಗಳಲ್ಲಿ ಮಧ್ಯಾಹ್ನ 17, 18 ಡಿಗ್ರಿ ಇದ್ದರೂ ಬೆಳಿಗ್ಗೆ 8, 9ಕ್ಕೆ ಇಳಿಯುತ್ತದೆ. ಅಮ್ಮ ಸೀರೆಯನ್ನೇ ಉಡುವವರಾದರೆ ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಶೂ. ಶೂ ಊರಲ್ಲೇ ತೆಗೆದುಕೊಂಡು ಎರಡು ವಾರ ಹಾಕಿ ನಡೆದು ರೂಢಿ ಮಾಡಿಸಿ. ಇದನ್ನು ಮಾತ್ರ ಮರೆಯಬೇಡಿ.

ಜುಲೈ, ಆಗಸ್ಟ್ ಯಾಕೆ ಬೇಡ ಅಂದರೆ ಇಲ್ಲಿನ ಶಾಲೆಗಳಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ರಜೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಟಿಕೆಟ್ ಇಲ್ಲ ನಿಜ, ಆದರೆ ಡೈನೋಸಾರ್ ನೋಡಲು ಊರಿನ ಮಕ್ಕಳೆಲ್ಲ ಅಲ್ಲೇ ಇರುತ್ತಾರೆ. ಮೇ ಕೊನೆಯ ವಾರ ಬೇಡ ಅಂದಿದ್ದೂ ಅದಕ್ಕೇ, ಆಗ ಒಂದು ವಾರ ಹಾಫ್ ಟರ್ಮ್ ರಜೆ. ಸೆಕೆಯದ್ದೂ ಒಂದು ಕಾಟ. 2022ರ ಜುಲೈ 19ರಂದು ಹೀಥ್ರೂನಲ್ಲಿ 40 ಡಿಗ್ರಿ ದಾಟಿತ್ತು. ಅದು ವರ್ಷ ವರ್ಷ ಆಗುವಂಥದ್ದಲ್ಲ, ಆದರೆ 30 ಆದರೂ ಸಾಕು. ಮನೆಗಳಲ್ಲಿ ಎಸಿ ಇಲ್ಲ, ಫ್ಯಾನೂ ಇಲ್ಲ. ಸೆಂಟ್ರಲ್ ಲೈನ್ ಅನ್ನುವ ಮೆಟ್ರೋ ರೈಲಿನಲ್ಲಿ ನೆಲದಡಿ ನಿಂತರೆ ಬೆವರು ಇಳಿಯುತ್ತದೆ. ಬಕಿಂಗ್‌ಹ್ಯಾಮ್ ಅರಮನೆಯ ಒಳಗೆ ಹೋಗಲೇಬೇಕು ಅನ್ನುವವರು ಮಾತ್ರ ಇದನ್ನೆಲ್ಲ ಸಹಿಸಬೇಕು. ಅದರ ದೊಡ್ಡ ಕೋಣೆಗಳನ್ನು ಮುಖ್ಯವಾಗಿ ಬೇಸಿಗೆಯಲ್ಲೇ ಜನರಿಗೆ ತೆರೆಯುವುದು.

ಮೇ ತಿಂಗಳ ಇನ್ನೊಂದು ಸುಖ ಹೂವು. ರಿಚ್ಮಂಡ್ ಪಾರ್ಕಿನೊಳಗೆ ಇಸಬೆಲ್ಲಾ ಪ್ಲಾಂಟೇಶನ್ ಅಂತ ಒಂದು ತೋಟ ಇದೆ. ಏಪ್ರಿಲ್ ಕೊನೆಯಿಂದ ಮೇವರೆಗೆ ಅಲ್ಲಿ ಅಜೇಲಿಯಾ ಅರಳಿ ಸಣ್ಣ ತೊರೆಯ ಎರಡೂ ದಡ ಗುಲಾಬಿ, ನೇರಳೆ. ಲಾಲ್‌ಬಾಗ್ ಫ್ಲವರ್ ಶೋಗೆ ತಪ್ಪದೆ ಹೋಗುವ ಅಪ್ಪ ಅಮ್ಮ ಆದರೆ ಮೇಡಂ ಟುಸ್ಸಾಡ್ಸ್ ಮೇಣದ ಗೊಂಬೆ ಮ್ಯೂಸಿಯಂ ದುಡ್ಡು ಉಳಿಸಿ ಇಲ್ಲಿಗೆ ಕರೆತನ್ನಿ. ಇನ್ನೊಂದು ಸಂಜೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್ ದಡದಲ್ಲಿ ಬಲಕ್ಕೆ ನಡೆಯಿರಿ. ಲ್ಯಾಂಬೆತ್ ಸೇತುವೆ ಕಳೆದ ಮೇಲೆ 2015ರಲ್ಲಿ ಅನಾವರಣ ಆದ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಊಟ ಮುಗಿಸಿ ಹೊರಟರೂ ಬೆಳಕಿರುತ್ತೆ, ಡಿಸೆಂಬರ್‌ನಲ್ಲಿ ಆ ನದಿ ಗಾಳಿಗೆ ದೊಡ್ಡವರನ್ನು ನಿಲ್ಲಿಸುವುದು ಕಷ್ಟ.

ಮೇಗೆ ಆಗದಿದ್ದರೆ ದಸರಾ ರಜೆ. ಅಕ್ಟೋಬರ್ ಮೊದಲರ್ಧದಲ್ಲಿ ಸಂಜೆ 6ರವರೆಗೆ ಬೆಳಕು, ಎಲೆಗಳು ಹಳದಿ ತಿರುಗಿರುತ್ತವೆ, ಇಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಇಷ್ಟಾದರೂ ಡಿಸೆಂಬರೇ ಬೇಕು, ಕ್ರಿಸ್‌ಮಸ್ ಲೈಟಿಂಗ್ ನೋಡಲೇಬೇಕು ಅಂದರೆ 20ರೊಳಗೆ ಬಂದು ಹೋಗಿ. 25ರಂದು ಟ್ಯೂಬ್ (ಇಲ್ಲಿನ ಮೆಟ್ರೋ) ಇಲ್ಲ, ಬಸ್ ಇಲ್ಲ, ರೈಲೂ ಇಲ್ಲ.

ಟಿಕೆಟ್ ಮೇನಲ್ಲಿ ಅಗ್ಗವೇನಲ್ಲ, ನಮ್ಮೂರಿನ ಶಾಲೆ ರಜೆ ಅಲ್ವಾ. ವೀಸಾಗೆ ಪ್ರಯಾಣಕ್ಕೆ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಮೇ ಮಧ್ಯಕ್ಕೆ ಹೊರಡುವುದಾದರೆ ಫೆಬ್ರವರಿ ಮಧ್ಯದಲ್ಲಿ ಶುರು ಮಾಡಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಅವಧಿ ಮಾತ್ರ ಇವತ್ತೇ ತೆಗೆದು ನೋಡಿ.