ಚೌಕಾಬಾರದ ಮನೆ ಬರೀರಿ, ಅತ್ತೆಯವರೇ ಹೇಳಿಕೊಡಲಿ

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ಅತ್ತೆಗೆ 68 ವರ್ಷ. ಕನ್ನಡಕ ಎಲ್ಲಿಟ್ಟೆ, ಗ್ಯಾಸ್ ಆಫ್ ಮಾಡಿದ್ನಾ ಅಂತ ದಿನಾ ಗಾಬರಿ ಆಗ್ತಾರೆ. ಮಕ್ಕಳಿಗೆ 12 ಮತ್ತು 8 ವರ್ಷ, ಇಬ್ಬರಿಗೂ ಮೊಬೈಲ್ ಹುಚ್ಚು. ನಮ್ಮನೆಯವರು ಅಂಗಡಿ ಮುಚ್ಚಿ ಬರುವಾಗ ರಾತ್ರಿ ಒಂಬತ್ತು. ಮಿದುಳು ಚುರುಕಾಗುತ್ತೆ ಅಂತ ಒಂದು ಆಪ್‌ಗೆ ವರ್ಷದ ದುಡ್ಡು ಕಟ್ಟೋಣ ಅಂತಿದ್ದೇನೆ. ಕಟ್ಟಬಹುದಾ? ಎಲ್ಲರೂ ಸೇರಿ ಮಾಡುವಂಥದ್ದು ಬೇರೆ ಏನಾದರೂ ಇದೆಯಾ?

ಉತ್ತರ: ದುಡ್ಡು ಕಟ್ಟಬೇಡಿ. ಆಪ್‌ನಲ್ಲಿ ದಿನಾ ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ, ನಿಜ. ಆದರೆ ಆ ಚುರುಕು ಕನ್ನಡಕ ಹುಡುಕುವಾಗ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅಮೆರಿಕದಲ್ಲಿ ಇಂಥ ಆಟಗಳನ್ನು ಮಾರುವ ಒಂದು ಕಂಪನಿ ಮರೆವು ತಡೆಯುತ್ತೇವೆ ಎಂದು ಜಾಹೀರಾತು ಕೊಟ್ಟಿತ್ತು. ಸಾಕಷ್ಟು ಆಧಾರ ಇಲ್ಲ ಎಂಬ ಆರೋಪ ಬಂದು, 2016ರಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ನಾನು ಹೇಳುವುದು ನಿಮ್ಮ ಅತ್ತೆಯವರಿಗೆ ಈಗಾಗಲೇ ಗೊತ್ತಿರುವ ಆಟ. ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, 25 ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ಸಾಕು. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಬೇಕು, ಕಂದು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ. ಈ ಕೆಲಸ ಮಕ್ಕಳಿಗೆ ಕೊಡಿ. ಬೆರಳು ಬಿಸಿಯಾಗುತ್ತದೆ, ಆದರೂ ಬಿಡುವುದಿಲ್ಲ ನೋಡಿ.

ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಂದು ಬಿದ್ದರೆ ಎಂಟು. ಇನ್ನೊಂದು ಸಲ ಹಾಕುವ ಅವಕಾಶ. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಎದುರು ದಿಕ್ಕಿಗೆ. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ. ಮೂರು ಬಿತ್ತು ಅನ್ನಿ. ಚಿಕ್ಕವನಿಗೆ ಅಣ್ಣನ ಕಾಯಿ ಹೊಡೆಯುವ ಆಸೆ. ಹೊಡೆದರೆ ತನ್ನ ಕಾಯಿ ಅಜ್ಜಿಯ ಕಾಯಿಗೆ ಎರಡೇ ಮನೆ ಮುಂದೆ ನಿಲ್ಲುತ್ತದೆ. ಹೊಡೆಯೋದಾ, ಯಾರೂ ಹೊಡೆಯಲಾಗದ ಕಟ್ಟೆ ಮನೆಗೆ ಹೋಗಿ ಕೂರೋದಾ? ಆ ಅರ್ಧ ನಿಮಿಷದಲ್ಲಿ ಅವನು ಲೆಕ್ಕ ಹಾಕುತ್ತಾನೆ, ಮುಂದಿನ ನಡೆ ಊಹಿಸುತ್ತಾನೆ, ಆಸೆಯನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಮೂರೂ ಮಿದುಳಿಗೆ ಒಳ್ಳೆಯ ಕೆಲಸ. ದಯವಿಟ್ಟು ಆಗ "ಅದನ್ನ ನಡೆಸೋ" ಅಂತ ಯಾರೂ ಹೇಳಿಕೊಡಬೇಡಿ.

ನಿಯಮ ಮಾತ್ರ ಅತ್ತೆಯವರೇ ಹೇಳಲಿ. 50 ವರ್ಷದ ಹಿಂದೆ ಆಡಿದ್ದನ್ನು ನೆನಪಿನಿಂದ ತೆಗೆದು, ಮೊಮ್ಮಗನಿಗೆ ಅರ್ಥವಾಗುವ ಹಾಗೆ ಹೇಳುವುದು ಸುಮ್ನೆ ಮಾತಲ್ಲ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ನೋಡದೆ ನೆನಪಿಸಿಕೊಂಡಾಗ ನೆನಪು ಜಾಸ್ತಿ ಗಟ್ಟಿಯಾಗುತ್ತದೆ. ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ಗಮನಿಸಿದ ಅಧ್ಯಯನ 2003ರಲ್ಲಿ ಬಂತು. ಮಣೆಯ ಆಟ, ಓದು, ವಾದ್ಯ, ಕುಣಿತ ಇಟ್ಟುಕೊಂಡವರಲ್ಲಿ ಮರೆಗುಳಿ ಕಾಯಿಲೆ ಕಡಿಮೆ ಕಂಡಿತ್ತು. ಆಟದಿಂದಲೇ ಕಾಯಿಲೆ ತಪ್ಪಿತು ಅಂತ ಇದರಿಂದ ಹೇಳಲಾಗದು, ಚೆನ್ನಾಗಿದ್ದವರೇ ಆಡಿರಬಹುದು. ಆದರೂ ಆಡಲು ನಿಮಗೆ ಬೇರೆ ಕಾರಣಗಳಿವೆ ಅಲ್ವಾ?

ಸಂತೆಗೆ ಹೋಗುವಾಗ ಚೀಟಿ ಬೇಡ, ಎಂಟು ಸಾಮಾನು ನಾಲ್ಕು ಜನ ಹಂಚಿಕೊಂಡು ನೆನಪಿಟ್ಟುಕೊಳ್ಳಿ.

ಇನ್ನೊಂದು ನನಗೆ ತುಂಬ ಇಷ್ಟ. ಒಂದು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ. ನಿಮ್ಮೂರಿಂದ ಸುಮಾರು 60 ಕಿಲೋಮೀಟರ್. ಬೆಳಗ್ಗೆ ಬೇಗ ಹೊರಡಿ, ಬಂಡೆ ಕಾದ ಮೇಲೆ ಹತ್ತುವುದು ಕಷ್ಟ. ಹೋಗುವಾಗ ಮಕ್ಕಳು ಗುರುತು ಇಟ್ಟುಕೊಳ್ಳಲಿ: ಬಾಗಿಲು ಎಲ್ಲಿ ತಿರುಗಿತು, ಏಕನಾಥೇಶ್ವರಿ ಗುಡಿ ಯಾವ ಕಡೆ, ಗೋಪಾಲಸ್ವಾಮಿ ಹೊಂಡಕ್ಕಿಂತ ಮೊದಲು ಏನು ಬಂತು. ವಾಪಸ್ ಬರುವಾಗ ಮೊಬೈಲ್ ಜೇಬಿನಲ್ಲಿ, ದಾರಿ ತೋರಿಸುವುದು ಚಿಕ್ಕವನು. ತಪ್ಪಿದರೆ ತಪ್ಪಲಿ, ನೀವು ಹಿಂದೆಯೇ ಇರುತ್ತೀರಿ. ಲಂಡನ್ನಿನ ಬೀದಿಗಳನ್ನೆಲ್ಲ ಬಾಯಿಪಾಠ ಮಾಡುವ ಟ್ಯಾಕ್ಸಿ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನ 2000ದಲ್ಲಿ ಬಂತು. ದಾರಿಯ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಅವರಲ್ಲಿ ದೊಡ್ಡದಿತ್ತು. ಒಂದು ಭಾನುವಾರಕ್ಕೆ ಅಷ್ಟೆಲ್ಲ ಆಗದು. ಆದರೆ ದಾರಿ ನೋಡಿಕೊಂಡು ನಡೆಯುವ ಅಭ್ಯಾಸ ಶುರುವಾಗುತ್ತದೆ. ಅತ್ತೆಯವರಿಗೆ ಮೆಟ್ಟಿಲು ಆಗದಿದ್ದರೆ, ಮಕ್ಕಳು ಮನೆಗೆ ಬಂದು ನಕ್ಷೆ ಬರೆದು ಅವರಿಗೆ ವಿವರಿಸಲಿ.

ಈಗ ಅತ್ತೆಯವರ ವಿಷಯ. ಕನ್ನಡಕ ಎಲ್ಲಿಟ್ಟೆ ಅನ್ನುವುದು ಈ ವಯಸ್ಸಿಗೆ ಸಾಮಾನ್ಯ. ಗೊತ್ತಿರುವ ದಾರಿ ತಪ್ಪಿದರೆ, ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ, ದಿನಾ ಮಾಡುವ ಸಾರಿನ ಹದವೇ ಮರೆತರೆ ಆಟ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಬೇಸರದಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಆಡುವಾಗ "ಎಷ್ಟು ಬಿತ್ತು?" ಅಂತ ಅವರು ಮತ್ತೆ ಮತ್ತೆ ಕೇಳಿದರೆ ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಮರೆವು ಅಂದುಕೊಂಡದ್ದು ಕೇಳಿಸದೇ ಇರುವುದು ಆಗಿರುತ್ತದೆ.

ನಿಮ್ಮನೆಯವರು ಬಂದು ಊಟ ಆದ ಮೇಲೆ 20 ನಿಮಿಷ ಸಾಕು. ಆಟ ಮುಗಿಯದಿದ್ದರೆ ಕಾಯಿಗಳನ್ನು ಎತ್ತಿಬಿಡಿ. ಮಾರನೇ ರಾತ್ರಿ ಯಾರ ಕಾಯಿ ಯಾವ ಮನೆಯಲ್ಲಿತ್ತು ಅಂತ ಎಲ್ಲರೂ ನೆನಪಿಸಿಕೊಂಡು ಇಡಿ. ಜಗಳ ಆದರೆ ಅತ್ತೆಯವರ ಮಾತೇ ಕೊನೆ.