ಪ್ರತಿಕ್ರಿಯೆ: ಸಹಿ ಹಾಕಿಸಿದರೂ ಇಂಟರ್‌ನೆಟ್ ನಿಯಮ ಯಾರೂ ಪಾಲಿಸುತ್ತಿಲ್ಲ

ಪೋಷಕರ ಸಹಿ ಇರುವ ಆರು ಪುಟದ ನಿಯಮ ಇದ್ದರೂ ಮಕ್ಕಳು ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕಂಡಕಂಡ ಸೈಟ್ ತೆರೆಯುತ್ತಾರೆ ಅಂದಿರಲ್ಲ, ಕಾರಣ ಬಹುಶಃ ಆ ಆರು ಪುಟವೇ. ಅದನ್ನು ಯಾರೂ ಓದಿರಲ್ಲ.

ಮೊದಲು ಒಂದೇ ಪುಟಕ್ಕೆ ಇಳಿಸಿ, ಕನ್ನಡದಲ್ಲಿ. 'ಅನುಚಿತ ಬಳಕೆ ನಿಷಿದ್ಧ' ಅಂದರೆ ಏಳನೇ ಕ್ಲಾಸಿನ ಹುಡುಗನಿಗೆ ಏನು ಅರ್ಥವಾಗುತ್ತೆ? 'ಗೆಳೆಯರ ಫೋಟೋ ಅವರನ್ನು ಕೇಳದೆ ಹಾಕಬಾರದು' ಅಂತ ನೇರವಾಗಿ ಬರೆಯಿರಿ. ತಪ್ಪಿದರೆ ಏನು ಅನ್ನುವುದೂ ಇರಲಿ: ಮೊದಲ ಸಲ ಬುದ್ಧಿಮಾತು, ಎರಡನೇ ಸಲ ಮನೆಗೆ ಫೋನ್, ಮೂರನೇ ಸಲ ಒಂದು ವಾರ ಲ್ಯಾಬ್ ಇಲ್ಲ. ಕೆಳಗೆ ಮಕ್ಕಳ ಸಹಾಯವಾಣಿ 1098 ಹಾಕಿ. ಶಿಕ್ಷಕರಿಗೂ ಇದೇ ಹಾಳೆ. ನಮ್ಮಲ್ಲಿ ವೈಫೈ ಪಾಸ್‌ವರ್ಡನ್ನು ಸ್ಟಾಫ್ ರೂಮಿನ ಬೋರ್ಡ್ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟಿದ್ದರು!

ಆಮೇಲೆ ರೂಟರ್‌ನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಅನ್ನುವ ಕಡೆ 1.1.1.3 ಹಾಕಿ. ಇದು ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಸೇವೆ, ಅಶ್ಲೀಲ ಸೈಟ್‌ಗಳನ್ನು ತಡೆಯುತ್ತದೆ. ಯೂಟ್ಯೂಬ್ ತಡೆಯಲ್ಲ. ಯಾರಾದರೂ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡರೆ ಇದರ ಆಟ ನಡೆಯಲ್ಲ. ಅದಕ್ಕೇ ಪರದೆಗಳನ್ನೆಲ್ಲ ಬಾಗಿಲಿನಿಂದ ಕಾಣುವ ಹಾಗೆ ತಿರುಗಿಸಿಡಿ. ನಮಗಂತೂ ಸಾಫ್ಟ್‌ವೇರ್‌ಗಿಂತ ಇದೇ ಜಾಸ್ತಿ ಕೆಲಸಕ್ಕೆ ಬಂತು. ನಿಮ್ಮ ಲ್ಯಾಬ್ ಎಷ್ಟು ಇಕ್ಕಟ್ಟೋ ಗೊತ್ತಿಲ್ಲ, ಜಾಗ ನೋಡಿಕೊಳ್ಳಿ.

ನಿಯಮ ನಡೀತಿದೆಯಾ ಅಂತ ತಿಳಿಯಲು ಒಂದು ನೋಟ್‌ಬುಕ್ ಸಾಕು. ತಾರೀಖು, ಏನಾಯಿತು, ಏನು ಮಾಡಿದಿರಿ, ಅಷ್ಟೇ. ಮೂರು ತಿಂಗಳಾದ ಮೇಲೆ ತೆಗೆದು ಓದಿ. ಒಂದೇ ನಿಯಮ ಪದೇ ಪದೇ ಮುರಿದಿದ್ದರೆ ಆ ವಾಕ್ಯವನ್ನೇ ತಿದ್ದಿ. ಪುಸ್ತಕ ಖಾಲಿ ಇದ್ದರೆ ಖುಷಿಪಡಬೇಡಿ, ಯಾರೂ ಬರೆಯುತ್ತಿಲ್ಲ ಅಂತಲೂ ಇರಬಹುದು. ಐದಾರು ಮಕ್ಕಳನ್ನು ಕರೆದು, ಹಾಳೆ ನೋಡದೆ ಮೂರು ನಿಯಮ ಹೇಳಿ ಅಂತ ಕೇಳಿ. ತಡವರಿಸಿದರೆ ಹಾಳೆ ಇನ್ನೂ ಉದ್ದ ಇದೆ.