ಹೆರಿಗೆ ಸಾವಿನ ಪರಿಶೀಲನೆಗೆ ಫಿಸಿಷಿಯನ್ ಏಕೆ ಬೇಕು?

ಪ್ರಶ್ನೆ: ನಮ್ಮ ಅತ್ತಿಗೆ ಸಿಸೇರಿಯನ್ ಆದ ಮಾರನೆಯ ದಿನ ಉಸಿರಾಡಲು ಕಷ್ಟಪಟ್ಟು ತೀರಿಕೊಂಡರು. ಹೃದಯದ ಕವಾಟದ ತೊಂದರೆ ಇತ್ತೆಂದು ಆಮೇಲೆ ಹೇಳಿದರು. ಆಸ್ಪತ್ರೆಯ ಪರಿಶೀಲನಾ ಸಭೆಯಲ್ಲಿ ಹೆರಿಗೆ ತಜ್ಞರಷ್ಟೇ ಇದ್ದರಂತೆ. ಬೇರೆ ತಜ್ಞರು ಇರಬೇಕಿತ್ತೇ? ನಾವೇನಾದರೂ ಹೇಳಿಕೊಳ್ಳಲು ಅವಕಾಶವಿದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮನೆಗೆ ಬಂದ ದುಃಖ ದೊಡ್ಡದು. ಫಿಸಿಷಿಯನ್, ಅಂದರೆ ಹೃದಯ, ಶ್ವಾಸಕೋಶದಂಥ ಒಳರೋಗಗಳನ್ನು ನೋಡುವ ತಜ್ಞರು, ಇರಲೇಬೇಕಿತ್ತು ಎಂಬುದೇ ನನ್ನ ಉತ್ತರ. ಬಾಲ್ಯದಲ್ಲಿ ಬಂದ ಕೀಲುವಾತ ಜ್ವರದಿಂದ ಕವಾಟ ಕಿರಿದಾಗಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಹೆರಿಗೆಯಾದ ಕೂಡಲೇ ಗರ್ಭಕೋಶ ಕುಗ್ಗಿ, ಅಲ್ಲಿದ್ದ ರಕ್ತವೆಲ್ಲ ಹೃದಯದ ಕಡೆಗೆ ನುಗ್ಗುವುದರಿಂದ, ಗಂಡಾಂತರ ಕಳೆಯಿತೆಂದು ಮನೆಯವರು ನೆಮ್ಮದಿಪಡುವ ಹೊತ್ತಿನಲ್ಲೇ ಇವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು.

ಇಂಥವರ ಕೇಸ್ ಶೀಟಿನಲ್ಲಿ ನಾಡಿ 124, ಉಸಿರು ನಿಮಿಷಕ್ಕೆ 32 (ಎರಡೂ ತೀರಾ ಹೆಚ್ಚು) ಎಂದಿದ್ದು, ಪಕ್ಕದಲ್ಲಿ 'ಸುಸ್ತು, ರಕ್ತಹೀನತೆ' ಎಂದು ಬರೆದಿದೆ ಎನ್ನಿ. ಹೆರಿಗೆ ತಜ್ಞರ ಕಣ್ಣು ಸಹಜವಾಗಿಯೇ ಶಸ್ತ್ರಚಿಕಿತ್ಸೆಯ ಟಿಪ್ಪಣಿಯತ್ತ ಹೋಗುತ್ತದೆ. ಫಿಸಿಷಿಯನ್ ಕಣ್ಣು ಆ ಎರಡು ಅಂಕಿಗಳ ಮೇಲೆ ನಿಂತು, ಐದನೇ ತಿಂಗಳಲ್ಲಿ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಯಾರು, ಎಕೋ (ಹೃದಯದ ಸ್ಕ್ಯಾನ್) ಏಕೆ ಆಗಲಿಲ್ಲ, ಎಷ್ಟು ಬಾಟಲಿ ಡ್ರಿಪ್ ಹೋಯಿತು ಎಂದು ಕೇಳುತ್ತದೆ. ಮುಂದಿನ ಬಸುರಿಯನ್ನು ಉಳಿಸಬಲ್ಲ ಪ್ರಶ್ನೆಗಳು ಇವೇ.

ಬ್ರಿಟನ್ನಿನಲ್ಲಿ ಹೃದ್ರೋಗ ತಾಯಂದಿರ ಸಾವಿನ ಪ್ರಮುಖ ಕಾರಣಗಳಲ್ಲೊಂದು. 1952ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶುರುವಾದ ಗೋಪ್ಯ ವಿಚಾರಣೆಯ ಪದ್ಧತಿ ಅಲ್ಲಿ ಇಂದಿಗೂ ಮುಂದುವರಿದಿದ್ದು, ಹೆಸರು ಅಳಿಸಿದ ಕಡತಗಳನ್ನು ಹೃದ್ರೋಗ ತಜ್ಞರು ಮತ್ತು ಫಿಸಿಷಿಯನ್‌ಗಳು ಕೂಡ ಓದುತ್ತಾರೆ. ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಆಸ್ಪತ್ರೆಯ ಸಮಿತಿಯಲ್ಲಿ ಅರಿವಳಿಕೆ ತಜ್ಞರು, ಬ್ಲಡ್ ಬ್ಯಾಂಕ್ ವೈದ್ಯರು, ನರ್ಸಿಂಗ್ ಪ್ರತಿನಿಧಿಯ ಜೊತೆ ಫಿಸಿಷಿಯನ್ ಇರಬೇಕೆನ್ನುತ್ತದೆ. ಫಿಸಿಷಿಯನ್ ಇಲ್ಲದ ಆಸ್ಪತ್ರೆಗಳು ಹತ್ತಿರದ ಮೆಡಿಕಲ್ ಕಾಲೇಜಿನವರನ್ನು ವಿಡಿಯೋ ಮೂಲಕವಾದರೂ ಕೂರಿಸಿಕೊಳ್ಳಬೇಕು. ಸಭೆ ಮುಗಿದ ಮೇಲೆ ಸಹಿ ಪಡೆದರೆ ಪರಿಶೀಲನೆ ನಡೆದಂತಾಗುವುದಿಲ್ಲ.

ನಿಮಗೂ ಅವಕಾಶವಿದೆ. ಜಿಲ್ಲಾಧಿಕಾರಿಗಳ ಮಟ್ಟದ ಪರಿಶೀಲನೆಗೆ ಮೃತರ ಬಂಧುಗಳನ್ನು ಕರೆಯಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಇದು ಶಿಕ್ಷೆ ಕೊಡುವ ವೇದಿಕೆಯಲ್ಲ, ದೂರಿನ ದಾರಿಯೇ ಬೇರೆ. ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೋರಿಕೆ ಸಲ್ಲಿಸಿ, ತಾಯಿ ಕಾರ್ಡಿನ ಜೆರಾಕ್ಸ್ ಜೊತೆಗಿಡಿ. ಅತ್ತಿಗೆಗೆ ಏದುಸಿರು ಯಾವ ತಿಂಗಳಲ್ಲಿ ಶುರುವಾಯಿತು, ರಾತ್ರಿ ಅಂಗಾತ ಮಲಗಲಾಗದೆ ದಿಂಬಿಗೆ ಒರಗಿ ಕೂರುತ್ತಿದ್ದರೇ ಎಂಬುದನ್ನು ತಪ್ಪದೆ ಬರೆಯಿರಿ. ಅದು ಕೇಸ್ ಶೀಟಿನಲ್ಲಿ ಇರಲಾರದು.